ನೂರು ರೊಟ್ಟಿ ಕಟ್ಟಿಕೊಂಡು ಕಮಲಾಪುರಕ್ಕೆ

ಬೆಳಿಗ್ಗೆ ಎಂಟೂವರೆಗೆ ಜೇವರ್ಗಿ ಕಾಲೋನಿಯ ಮನೆಯಿಂದ ಹೊರಟೆವು. ನಾನು, ನನ್ನ ಮಗನ ಮಗಳು ಅಂಬಿಕಾ, ಮತ್ತು ನೂರು ಕಡಕ್ ರೊಟ್ಟಿ. ರೊಟ್ಟಿ ಐವತ್ತೈವತ್ತರ ಎರಡು ಗಂಟು. ಒಂದು ನನ್ನ ತೊಡೆಯ ಮೇಲೆ, ಒಂದು ಅವಳ ತೊಡೆಯ ಮೇಲೆ. ಕಮಲಾಪುರದಲ್ಲಿ ಹಳೆಯ ಕಾರೊಂದು ಮಾರಾಟಕ್ಕಿತ್ತು. ಕಾರು ನೋಡಲು ಹೋಗುವವರಿಗೆ ಇಷ್ಟು ರೊಟ್ಟಿ ಯಾಕೆ ಎಂದು ಆಟೊದವನು ಕೇಳಿದ. ಕಾರಿಗೆ ತಿನ್ನಿಸಲಿಕ್ಕೆ ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ ಬಸ್ ನಿಲ್ದಾಣಕ್ಕೆ ಬಿಟ್ಟ.

ನಮ್ಮ ಮನೆಯಲ್ಲಿ ಐದು ಜನ ಹೆಂಗಸರು ಕೂತು ರೊಟ್ಟಿ ಬಡಿಯುತ್ತೇವೆ. ಪ್ರತಿ ಗುರುವಾರ ಅಂಬಿಕಾ ಅವನ್ನು ನಮ್ಮ ಹಳೆಯ ವ್ಯಾನಿನಲ್ಲಿ ಹುಮನಾಬಾದಿನ ಖಾನಾವಳಿಗಳಿಗೆ ಮುಟ್ಟಿಸುತ್ತಾಳೆ. ಕಡಕ್ ರೊಟ್ಟಿ ಹಪ್ಪಳದ ಹಾಗೆ. ಒಡೆದದ್ದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಆರು ವರ್ಷದಿಂದ ನಾನು ವ್ಯಾನಿನ ಹಿಂಭಾಗದಲ್ಲಿ ಕೌದಿ ಹಾಸಿಕೊಂಡು, ಎರಡೂ ಕೈಯಲ್ಲಿ ಗಂಟು ಹಿಡಿದು ಕೂತು ಹೋಗಿ ಬರುತ್ತಿದ್ದೇನೆ. ನನಗೀಗ ಎಪ್ಪತ್ತೊಂದು. ಶುಕ್ರವಾರ ಪೂರ್ತಿ ಟೊಂಕ ಹಿಡಿದುಕೊಂಡು ಮಲಗುತ್ತೇನೆ. ಸಾಕಾಗಿದೆ.

ಈ ಕಾರನ್ನು ಹುಡುಕಿದವಳು ಅಂಬಿಕಾ. ಮೊಬೈಲಿನಲ್ಲಿ ಫೋಟೊ ತೋರಿಸಿದ್ದಳು.

"ಆಯಿ, ಇದರದು ನಾಲ್ಕೂ ಗಾಲಿ ಎಳೀತಾವ. ಹಿಂದ ನೋಡು, ಎಷ್ಟು ಉದ್ದ ಜಾಗಾ ಅದ. ಗಂಟು ಇಟ್ರ ಅಲ್ಲಾಡಂಗಿಲ್ಲ. ನೀ ಬರೋದೇ ಬ್ಯಾಡ."

ನೀ ಬರೋದೇ ಬ್ಯಾಡ ಎಂಬ ಮಾತು ನನಗೆ ಹಿಡಿಸಿತು. ಶರಣಸಿರಸಗಿಯ ಪ್ಲಾಟು ಮಾರಿದ ಹಣ ನನ್ನ ಹೆಸರಿನಲ್ಲಿತ್ತು, ಹೂಂ ಅನ್ನಬೇಕಾದವಳೂ ನಾನೇ. ನಾನು ಹಿಡಿದುಕೊಳ್ಳದೆ ರೊಟ್ಟಿ ಇಡಿಯಾಗಿ ಬಂದರೆ ಕಾರು ಕೊಳ್ಳೋಣ, ಒಡೆದರೆ ಇಲ್ಲ ಎಂದೆ. ಅದಕ್ಕೇ ಈ ಗಂಟುಗಳು.

ವ್ಯಾನು ಎರಡು ದಿನದಿಂದ ಕಪನೂರಿನ ಗ್ಯಾರೇಜಿನಲ್ಲಿತ್ತು. ಹಾಗಾಗಿ ಬಸ್ಸು. ಆಧಾರ್ ಕಾರ್ಡು ತೋರಿಸಿದೆವು, ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಕಿಟಕಿ ಮಾತ್ರ ತೆಗೆಯಲು ಬರಲಿಲ್ಲ. ಕಂಡಕ್ಟರ್ ಗಂಟು ನೋಡಿದ.

"ಆಯಿ, ಅದನ್ನ ಮ್ಯಾಲ ಇಡ್ರಿ. ಮಂದಿ ನಿಂತಾರ."

"ಒಡೀತಾವಪ್ಪ. ರೊಟ್ಟಿ ಅವ."

"ಹಂಗಾದ್ರ ನನಗೆರಡು ಕೊಡ್ರಿ, ನಿಮಗೂ ಭಾರ ಕಡಿಮಿ."

"ಪುಕ್ಕಟೆ ಟಿಕೆಟ್ಟು ಕೊಟ್ಟು ಪುಕ್ಕಟೆ ರೊಟ್ಟಿ ಕೇಳ್ತಿ ಏನು? ಮುಂದ ನಡಿ."

ಅವನು ನಕ್ಕು ಮುಂದೆ ಹೋದ. ಕಪನೂರು ದಾಟಿತು, ಶೆಡ್ಡುಗಳು ಮುಗಿದವು. ಆಮೇಲೆ ತೊಗರಿ ಕಟಾವಾದ ಕರಿ ಹೊಲ, ಮತ್ತೆ ಹೊಲ. ಗುರುವಾರ ಈ ರಸ್ತೆಯಲ್ಲಿ ನಾನು ಹಿಂದೆ ಕೂತಿರುತ್ತೇನಲ್ಲ, ಹೋಗುವುದು ಕಾಣುವುದಿಲ್ಲ, ಬಿಟ್ಟುಬಂದದ್ದು ಮಾತ್ರ ಕಾಣುತ್ತದೆ. ಮುಂದಿನಿಂದ ನೋಡಿದರೂ ಅಷ್ಟೇ ಇತ್ತು. ಒಂದು ತಾಸಿಗೆ ಕಮಲಾಪುರ ಬಂತು. ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದರು. ಬೆಲೆ ಕೇಳಿದೆ, ಕೇಳಿದ ಮೇಲೆ ಕೊಳ್ಳಲಿಲ್ಲ.

ಕಾರಿನ ಒಡೆಯ ಬಸಣ್ಣ ಬಾಳೆ ತೋಟದವನು. ನಿಲ್ದಾಣದಿಂದ ಅರ್ಧ ತಾಸು ನಡೆಸಿದ. ತಗಡಿನ ಶೆಡ್ಡಿನಲ್ಲಿ ತಾಡಪಾಲು ಸರಿಸಿ ತೋರಿಸಿದ. ಬೂದಿ ಬಣ್ಣ, ನೆಲಕ್ಕೆ ಅಂಟಿದಂತಿತ್ತು. ಮುಂದೆ ಕಾರು, ಹಿಂದೆ ಪೆಟ್ಟಿಗೆಯ ಹಾಗೆ ಉದ್ದ.

"ಹೆಣಾ ಒಯ್ಯೋ ಗಾಡಿ ಇದ್ದಂಗದ," ಎಂದೆ.

"ಬಿಡ್ತು ಅನ್ರಿ ಆಯಿ! ಕೀಲಿ ಹೊಳ್ಳಿಸಿದ್ರ ಹುಲಿ ರೀ ಇದು."

"ಹುಲಿ ಏನು ತಿಂತದ?"

"ಪೆಟ್ರೋಲ್ ರೀ. ಲೀಟರಿಗೆ ಏಳು ಕಿಲೋಮೀಟರ್ ಕೊಡ್ತದ."

"ಕೆಟ್ರ?"

"ಹೈದರಾಬಾದಿಗೆ ಒಯ್ಯಬೇಕು," ಎಂದು ತಲೆ ಕೆರೆದುಕೊಂಡ.

"ಮತ್ತ ನೀ ಯಾಕ ತಗೊಂಡಿ?"

ಉತ್ತರ ಅವನ ಹೆಂಡತಿ ಕೊಟ್ಟಳು. ಆಕೆ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಬಾಳಿಗೊನಿ ಹೇರ್ಲಿಕ್ಕೆ ಅಂದ್ರು ಆಯಿ. ಎರಡು ವರ್ಷ ಆಯ್ತು, ಒಂದು ಗೊನಿ ಹೇರಿಲ್ಲ. ಕಲೆ ಆಗ್ತದಂತ!"

ಒಂದು ಗಂಟನ್ನು ಕಾರಿನ ಹಿಂಭಾಗದಲ್ಲಿ ನಾನೇ ಇಟ್ಟೆ. ಅಂಬಿಕಾ ಸ್ಟೇರಿಂಗು ಹಿಡಿದಳು, ಬಸಣ್ಣ ಪಕ್ಕದಲ್ಲಿ ಕೂತ. ತೋಟದ ಕಚ್ಚಾ ರಸ್ತೆ, ಹೆದ್ದಾರಿಯಲ್ಲಿ ಹುಮನಾಬಾದಿನ ಕಡೆ ಹತ್ತು ಕಿಲೋಮೀಟರು, ಅದೇ ದಾರಿಯಲ್ಲಿ ವಾಪಸು. ಕಾರು ಗುರ್ ಎಂದು ಹೋಯಿತು. ಧೂಳು ಇಳಿಯುವವರೆಗೆ ನೋಡಿದೆ. ಆಮೇಲೆ ಹೊರಸಿನ ಮೇಲೆ ಕೂತೆ. ರೊಟ್ಟಿ ರಸ್ತೆಯ ಮೇಲಿದ್ದು ನನ್ನ ಕೈ ಖಾಲಿ ಇದ್ದದ್ದು ಅದೇ ಮೊದಲು. ಕೂತಲ್ಲೇ ನಿದ್ದೆ ಹೋದೆ.

ಕಾರಿನ ಸದ್ದಿಗೇ ಎಚ್ಚರವಾಯಿತು. ಅಂಬಿಕಾ ಇಳಿದಳು. ಕೂದಲು ಕೆದರಿತ್ತು, ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. ವ್ಯಾನಿನಿಂದ ಇಳಿದಾಗ ಅವಳು ಒಂದು ದಿನವೂ ಹಾಗೆ ನಕ್ಕದ್ದಿಲ್ಲ.

"ಆಯಿ, ಗಾಡಿ ಅಲ್ಲ ಇದು, ಗಾಳಿ!"

ಗಂಟು ಬಿಚ್ಚಿದೆವು. ಐವತ್ತರಲ್ಲಿ ಇಪ್ಪತ್ತೆರಡು ಚೂರು.

"ಕಚ್ಚಾ ರಸ್ತೆ ಕೆಟ್ಟದ," ಎಂದಳು ಅಂಬಿಕಾ. ನಗು ಹೋಗಿತ್ತು.

"ಗಂಟು ಸಡ್ಲ ಆಗಿತ್ತು ರೀ," ಎಂದ ಬಸಣ್ಣ.

ಇಬ್ಬರ ಮಾತೂ ನಂಬಲಿಲ್ಲ. ಆದರೆ ಮನೆಯಲ್ಲಿ ಮಲಗುವ ಆಸೆ ನನಗೂ ಇತ್ತು. ಇನ್ನೊಂದು ಗಂಟು ಇಡಿ, ಈ ಸಲ ನಾನೂ ಕೂತು ನೋಡುತ್ತೇನೆ, ಕೈ ಹಚ್ಚುವುದಿಲ್ಲ ಎಂದೆ. ಹಿಂದಿನ ಸೀಟು ಬಾವಿಯ ಹಾಗೆ ಕೆಳಗಿತ್ತು. ಬಸಣ್ಣನ ಹೆಂಡತಿ ನನ್ನನ್ನು ಹಿಡಿದು ಅದರೊಳಗೆ ಇಳಿಸಿದಳು, ಬಸಣ್ಣ ಮುಂದೆ ಕೂತ. ಗಂಟು ನನ್ನ ಬೆನ್ನ ಹಿಂದೆ ಇತ್ತು. ನಾನು ಕೈ ಕಟ್ಟಿಕೊಂಡು ಕೂತೆ.

ಅದೇ ರಸ್ತೆ. ಪ್ರತಿ ತಗ್ಗಿಗೂ ಅಂಬಿಕಾ ಕಾರನ್ನು ನಿಲ್ಲಿಸಿದ ಹಾಗೆ ಮಾಡಿ ಒಂದೊಂದೇ ಗಾಲಿ ಇಳಿಸಿದಳು. ಹೆದ್ದಾರಿಯಲ್ಲಿ ನಲವತ್ತು ದಾಟಲಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರ್ ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು.

"ತಂಗೀ," ಬಸಣ್ಣನಿಗೆ ಅಳು ಬರುವುದೊಂದು ಬಾಕಿ, "ನನ್ನ ಮರ್ಯಾದಿ ಏನರ ಉಳಸು."

ವಾಪಸು ಬಂದು ಬಿಚ್ಚಿದೆವು. ಐವತ್ತೂ ಇಡಿಯಾಗಿದ್ದವು.

"ನೋಡ್ರಿ ಮತ್ತ!" ಬಸಣ್ಣ ಚಪ್ಪಾಳೆ ತಟ್ಟಿದ. "ಗಾಡಿ ತಪ್ಪಿಲ್ಲ!"

ನಾನು ಅಂಬಿಕಾಳನ್ನು ಕೇಳಿದೆ. "ಗಾಡಿ ಅದೇ, ರಸ್ತಾ ಅದೇ. ನಾ ಕೈ ಹಚ್ಚಿಲ್ಲ. ಈಗ್ಯಾಕ ಒಡೀಲಿಲ್ಲ?"

ಅವಳು ಕೀಲಿ ತಿರುವುತ್ತ ನಿಂತಳು. "ನೀ ಕೂತಿದ್ದಿ. ನಿನ್ನ ಟೊಂಕಕ್ಕ ಬಡೀತದಂತ ಸಾವಕಾಶ ಹೊಡದೆ."

"ವ್ಯಾನಿನ್ಯಾಗೂ ಹಂಗೇ ಹೊಡೀತಿ ಏನು?"

"ಹೂಂ. ಆರು ವರ್ಷದಿಂದ."

ಆರು ವರ್ಷ ನಾನು ರೊಟ್ಟಿ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಈ ಹುಡುಗಿ ನನ್ನನ್ನೂ ರೊಟ್ಟಿಯ ಜೊತೆ ಒಡೆಯದ ಹಾಗೆ ಒಯ್ದು ತರುತ್ತಿದ್ದಳು. ನಾನು ಮನೆಯಲ್ಲಿದ್ದಿದ್ದರೆ ಇಬ್ಬರಿಗೂ ಆರಾಮವಿತ್ತು. ಕೇಳಬೇಕೆಂದು ನನಗೂ ಹೊಳೆಯಲಿಲ್ಲ, ಹೇಳಬೇಕೆಂದು ಅವಳಿಗೂ ಹೊಳೆಯಲಿಲ್ಲ.

"ಖರೇ ಹೇಳು. ಒಬ್ಬಾಕಿನೇ ಇದ್ರ ಈ ಗಾಡಿ ಸಾವಕಾಶ ಹೊಡೀತಿ?"

ಅವಳು ಕಾರನ್ನು ನೋಡಿದಳು. "ಸುಳ್ಳು ಹೇಳಂಗಿಲ್ಲ ಆಯಿ. ಆಗಂಗಿಲ್ಲ. ಕಾಲಿಟ್ರ ಓಡ್ತದ."

"ಸಾವಕಾಶ ಹೋಗೋ ಗಾಡಿ ನಮ್ಮ ಹತ್ರ ಅದ," ಎಂದೆ. ಕಾರಿನ ಮಾತು ಅಲ್ಲಿಗೆ ಮುಗಿಯಿತು. ಅಂಬಿಕಾ ಕೀಲಿಯನ್ನು ಬಸಣ್ಣನ ಕೈಗೆ ಕೊಟ್ಟಳು. ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಅವಳ ನಗು ನಾನು ನೋಡಿದ್ದೆ. ಕೊಡಿಸಬಹುದಿತ್ತು. ಕೊಡಿಸಲಿಲ್ಲ.

ಬಸಣ್ಣನ ಹೆಂಡತಿ ಶೇಂಗಾ ಹಿಂಡಿ, ಮೊಸರು ತಂದಿಟ್ಟಳು. ಒಡೆದ ರೊಟ್ಟಿಯನ್ನು ಎಲ್ಲರೂ ಕೂತು ತಿಂದೆವು. ಬಸಣ್ಣನೇ ಹೆಚ್ಚು ತಿಂದ. ಆ ಗಂಟಿನಲ್ಲಿ ಉಳಿದ ಇಡೀ ರೊಟ್ಟಿಗಳನ್ನು ಆಕೆಗೇ ಕೊಟ್ಟೆ. ಹೊರಡುವಾಗ ಆಕೆ ಆರು ಕೆಂಪು ಬಾಳೆಹಣ್ಣು ನನ್ನ ಚೀಲಕ್ಕೆ ಹಾಕಿದಳು.

ಎರಡೂವರೆಯ ಬಸ್ಸು. ಕೂಡಲು ಒಂದೇ ಸೀಟು ಸಿಕ್ಕಿತು, ನಾನು ಕೂತೆ. ಒಡೆಯದ ಗಂಟು ನನ್ನ ತೊಡೆಯ ಮೇಲಿತ್ತು. ಅಂಬಿಕಾ ಕಂಬ ಹಿಡಿದು ನಿಂತಳು. ಬಾಳೆಹಣ್ಣು ಕೊಟ್ಟೆ, ಬೇಡ ಎಂದು ತಲೆ ಅಲ್ಲಾಡಿಸಿದಳು. ನಾನು ಎರಡು ತಿಂದೆ.

ಕಪನೂರಿನಲ್ಲಿ ಇಳಿದೆವು. ವ್ಯಾನು ರಿಪೇರಿಯಾಗಿ ಗ್ಯಾರೇಜಿನ ಹೊರಗೆ ನಿಂತಿತ್ತು. ಹಿಂಭಾಗದಲ್ಲಿ ನನ್ನ ಕೌದಿ ಮಡಚಿದ್ದು ಮಡಚಿದ ಹಾಗೇ ಇತ್ತು. ಅಂಬಿಕಾ ರೂಢಿಯಂತೆ ಅದನ್ನು ಬಿಡಿಸಿ ಹಾಸಿದಳು.

"ಬ್ಯಾಡ," ಎಂದೆ. ಕೌದಿಯನ್ನು ಸುತ್ತಿ ಮೂಲೆಗೆ ಸರಿಸಿ, ಬರೀ ತಗಡಿನ ಮೇಲೆ ಗಂಟು ಇಟ್ಟೆ. "ನೀ ನಡಿ. ನಾ ಆಟೊದಾಗ ಬರ್ತೀನಿ."

"ನೀ ಕೂತೀದಿ ಅಂತ ತಿಳಕೊಂಡು ಹೊಡೀಲಿ?"

"ನನ್ನ ಬಿಡು. ರೊಟ್ಟಿ ಕೂತಾವ ಅಂತ ತಿಳಕೊಂಡು ಹೊಡಿ."

ಆಟೊದವನು ಇನ್ನೂರು ಕೇಳಿದ, ನೂರೈವತ್ತಕ್ಕೆ ಬಂದ. ಊರೊಳಗೆ ಎಲ್ಲ ತಗ್ಗಿಗೂ ಹಾಕಿ ಕುಕ್ಕಿದ. ಮನೆ ಮುಟ್ಟಿದಾಗ ವ್ಯಾನು ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕೂತು ಕಾಲು ಚಾಚಿದೆ. ಅರ್ಧ ತಾಸಾದ ಮೇಲೆ ಓಣಿಯ ತಿರುವಿನಲ್ಲಿ ವ್ಯಾನು ಕಂಡಿತು. ಒಂದು ಸೈಕಲ್ಲು ಅದನ್ನು ದಾಟಿ ಮುಂದೆ ಬಂತು.

ನಾನು ಏಳಲಿಲ್ಲ. ಅಂಬಿಕಾ ಹಿಂದಿನ ಬಾಗಿಲು ತೆಗೆದು, ಅಲ್ಲೇ ಗಂಟು ಬಿಚ್ಚಿ, ಒಂದೊಂದೇ ಎತ್ತಿ ನೋಡಿದಳು.

"ಎಷ್ಟು?" ಎಂದೆ.

"ಐವತ್ತೂ ಅವ."

"ಹಂಗಾದ್ರ ಆ ಕೌದಿ ಒಳಗ ತಂದು ಹಾಸು."