ಕಂಬದ ಬಳಿ ಬಂದ ಉತ್ತರ

ಸತ್ತವರು ಮತ್ತೆ ಬರುತ್ತಾರೆಂಬ ಮಾತನ್ನು ನಾನು ನಂಬಿದವಳಲ್ಲ. ಕಾಡಂಚಿನ ನಮ್ಮೂರು ತಿಗನಾರೆಯಲ್ಲಿ ಕತ್ತಲಾದ ಮೇಲೆ ಹೆದರಲು ಆನೆಯೊಂದೇ ಸಾಕು, ದೆವ್ವ ಬೇರೆ ಯಾಕೆ ಎಂದು ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬಿದ್ದೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಮ್ಮೂರ ಸಮುದಾಯ ಭವನದಲ್ಲಿ ಬೆಳೆ ಕಾಯುವವರಿಗೆ ತರಬೇತಿ ನಡೆಯುತ್ತಿತ್ತು. ಕಲಿಸಲು ಬರುತ್ತಿದ್ದ ಮೇಡಂ ಎಲ್ಲರಿಗೂ ಕಪ್ಪು ಚೌಕಗಳ ಚಿತ್ರವಿದ್ದ ಒಂದೊಂದು ಕಾರ್ಡು ಕೊಟ್ಟಿದ್ದರು. ಒಬ್ಬರ ಚಿತ್ರದಂತೆ ಇನ್ನೊಬ್ಬರದು ಇರಲಿಲ್ಲ. ಕಾರ್ಡಿನ ಒಂದೊಂದು ಅಂಚಿಗೂ ಎ, ಬಿ ಎಂದು ಗುರುತಿತ್ತು; ಪ್ರಶ್ನೆ ಕೇಳಿದಾಗ ನಮ್ಮ ಉತ್ತರದ ಅಂಚು ಮೇಲೆ ಬರುವಂತೆ ಕಾರ್ಡು ಎತ್ತಿ ಹಿಡಿಯಬೇಕು. ಮೇಡಂ ಫೋನಿನ ಕ್ಯಾಮೆರಾ ನಮ್ಮ ಮುಂದೆ ಹಾದುಹೋದಂತೆ ಗೋಡೆಯ ಪರದೆಯ ಮೇಲೆ ನಮ್ಮ ಹೆಸರು ಹಸಿರಾಗಿ, ಪಕ್ಕದಲ್ಲಿ ಉತ್ತರ ಮೂಡುತ್ತಿತ್ತು. ಬಾಯಿಬಿಡಲು ನಾಚುವ ಹೆಂಗಸರೂ ಕಾರ್ಡು ಎತ್ತುತ್ತಿದ್ದರು.

ಮೊದಲ ದಿನದ ಪ್ರಶ್ನೆ, ರಾತ್ರಿ ಕಾವಲಿಗೆ ಒಬ್ಬರೇ ಹೋಗಬಹುದೇ? ಎ ಎಂದರೆ ಹೋಗಬಹುದು, ಬಿ ಎಂದರೆ ಕೂಡದು. ಎಲ್ಲರೂ ಬಿ ಹಿಡಿದರು. ಹಿಂದಿನ ಕಂಬಕ್ಕೆ ಒರಗಿ ಕುಳಿತಿದ್ದ ನಮ್ಮ ಮನೆಯವರು ಮಾತ್ರ ಎ.

"ಒಂಟಿ ಆನೆ ಬರದಿಲ್ವಾ? ಅಂಗೇ ನಾನೂ ಒಂಟಿ ಓಯ್ತೀನಿ. ಸಮ ಆಯ್ತಲ್ಲ ಕಣ್ಲಾ!" ಎಂದು ತಮ್ಮ ಮಾದೇವನ ಬೆನ್ನಿಗೆ ಗುದ್ದಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ರಾಗಿ ಕೊಯ್ಲಿಗೆ ಬರುವ ಮೊದಲೇ ಅವರು ಹೋದರು. ಕಾವಲಿಗೆ ಒಬ್ಬರೇ ಹೋಗಿದ್ದರು. ಬೆಳಿಗ್ಗೆ ಹೊಲದಲ್ಲಿ ಕಂಡದ್ದನ್ನು ಬರೆಯಲಾರೆ. ಮಣ್ಣು ಮಾಡುವಾಗ ಅತ್ತೆ ಅವರ ಎಲೆಅಡಿಕೆ ಚೀಲ, ಟಾರ್ಚು, ಆ ಕಾರ್ಡು ಎಲ್ಲವನ್ನೂ ತಂದು, "ಅವನ್ದು ಅವನ್ಗೇ ಇರ್ಲಿ, ಒಂದೂ ಇಟ್ಕಬ್ಯಾಡಿ" ಎಂದರು. ಕಾರ್ಡನ್ನು ಅವರ ಎದೆಯ ಮೇಲಿಟ್ಟವಳು ನಾನೇ. ಅದರ ಮೇಲೆ ಮಣ್ಣು ಬಿದ್ದದ್ದನ್ನೂ ನೋಡಿದೆ.

ಅದಾದ ಮೇಲೆ ಮಾದೇವ ಅದೇ ಹೊಲಕ್ಕೆ ಒಬ್ಬನೇ ಹೊರಟು ನಿಂತ. ಬೇಡವೆಂದರೆ, "ಅಣ್ಣನ ಬೆಳೆನ ಆನೆಗೆ ಬುಡಕ್ಕಾದದಾ ಅತ್ಗೆ?" ಎನ್ನುತ್ತಿದ್ದ. ಮೇಡಂ ಹೇಳಿದರಾದರೂ ಕೇಳಲಿ ಎಂದು ಅವತ್ತು ಮಧ್ಯಾಹ್ನದ ತರಬೇತಿಗೆ ಅವನನ್ನು ಕರೆದುಕೊಂಡು ಹೋದೆ.

ನಾನು ಹತ್ತನೆಯ ತರಗತಿ ಓದಿದವಳೆಂದು ಮೇಡಂ ಫೋನನ್ನು ನನ್ನ ಕೈಗೆ ಕೊಟ್ಟರು. ಮತ್ತೆ ಅದೇ ಪ್ರಶ್ನೆ. ಮಾದೇವ ಬೇಕೆಂದೇ ಎ ಹಿಡಿದ. ಫೋನನ್ನು ನಿಧಾನವಾಗಿ ತಿರುಗಿಸುತ್ತ ಬಂದೆ. ಕಂಬದ ಬಳಿ ಯಾರೂ ಕುಳಿತಿರಲಿಲ್ಲ. ಅಲ್ಲಿಗೆ ಬಂದಾಗ ಮುಂದೆ ಕುಳಿತವರು ಪರದೆಯತ್ತ ಬೊಟ್ಟು ಮಾಡಿದರು. ತಲೆಯೆತ್ತಿ ಪರದೆ ನೋಡಿದೆ. ನಾನು ಎಂದೂ ಬಾಯಲ್ಲಿ ಹೇಳದ ಹೆಸರು ಅಲ್ಲಿ ಹಸಿರಾಗಿತ್ತು. ಪಕ್ಕದಲ್ಲಿ ಬಿ.

ಹೊರಗಿನಿಂದ ಯಾವಾಗಲೋ ಒಮ್ಮೆ ಬರುತ್ತಿದ್ದ ಮೇಡಂಗೆ ಸಾವಿನ ಸುದ್ದಿ ಇನ್ನೂ ಗೊತ್ತಿರಲಿಲ್ಲ. "ಯಾರೋ ಅವರ ಕಾರ್ಡು ಹಿಡಿದಿದ್ದೀರಿ, ಎಲ್ಲರೂ ಕೆಳಗಿಡಿ" ಎಂದು ಉತ್ತರಗಳನ್ನೆಲ್ಲ ಅಳಿಸಿದರು. ಎಲ್ಲರ ಕಾರ್ಡೂ ಮಡಿಲಿಗೆ ಇಳಿಯಿತು. ಇನ್ನೊಮ್ಮೆ ತಿರುಗಿಸಿ ಎಂದರು. ಮೊದಲಿನಿಂದ ತಿರುಗಿಸುತ್ತ ಬಂದೆ. ಯಾವ ಹೆಸರೂ ಹಸಿರಾಗಲಿಲ್ಲ. ಕಂಬದ ಬಳಿ ಬಂದೆ. ಫೋನಿನಲ್ಲಿ ಬರೀ ಕಂಬ, ಸುಣ್ಣ ಉದುರಿದ ಗೋಡೆ. ಅವರ ಹೆಸರೊಂದೇ ಮತ್ತೆ ಹಸಿರಾಯಿತು. ಮತ್ತೆ ಬಿ.

ಯಾರೋ ಎದ್ದು ಹೊರಗೆ ಓಡಿದರು. ಮಾದೇವ ಕಂಬವನ್ನೇ ನೋಡುತ್ತ, "ನಾನು ಒಬ್ನೇ ಓಗಲ್ಲ ಕಣತ್ಗೆ, ಓಗಲ್ಲ" ಎಂದು ಮಗುವಿನಂತೆ ಅತ್ತ. ಇವತ್ತಿಗೂ ಅವನು ಒಬ್ಬನೇ ಕಾವಲಿಗೆ ಹೋಗಿಲ್ಲ.

ಕಂಬದ ನೆರಳನ್ನೋ ಗೋಡೆಯ ಕಲೆಯನ್ನೋ ಫೋನು ಕಾರ್ಡೆಂದು ತಿಳಿದಿರಬೇಕು ಎಂದು ಆಮೇಲೆ ಮೇಡಂ ಹೇಳಿದರು. ಇರಬಹುದು. ಹಳೆಯ ಉತ್ತರವೇ ಉಳಿದಿತ್ತು ಎನ್ನೋಣವೆಂದರೆ, ಅವರ ಹಳೆಯ ಉತ್ತರ ಎ ಆಗಿತ್ತು. ಅವರು ಮನಸ್ಸು ಬದಲಾಯಿಸಿದ್ದು ಗೋಡೆಯ ಕಲೆಗೆ ಹೇಗೆ ಗೊತ್ತು?

ಅವತ್ತು ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವರು ಹೆದರಲಿಲ್ಲ, ಅಳಲೂ ಇಲ್ಲ. "ಇನ್ನೇನಾರ ಯೋಳ್ದ್ನಾ ನನ್ ಮಗ?" ಎಂದು ಕೇಳಿದರು.

ಇನ್ನೊಂದು ಪ್ರಶ್ನೆ ಕೇಳುವಷ್ಟು ಧೈರ್ಯ ಅವತ್ತು ಭವನದಲ್ಲಿ ಯಾರಿಗೂ ಇರಲಿಲ್ಲ.