ಅವ್ವ ಬಿಟ್ಟುಬಿಡುತ್ತಿದ್ದ ಸಾಲು

ಇವತ್ತು ನಮ್ಮ ಕ್ಯಾಂಪ್ ಬಡಾವಣೆಯ ಓಣಿಯಲ್ಲಿ ಯಾರದೋ ಮನೆಯಿಂದ ಕ್ರಿಸ್‌ಮಸ್‌ನ ಕರಂಜಿ, ಅದೇ ಕರ್ಜಿಕಾಯಿ, ಕರಿಯುವ ವಾಸನೆ ಬಂತು. ಹಳೆಯ ಸಿಟ್ಟೂ ಜೊತೆಗೇ ಬಂತು.

ಅಜ್ಜಿಯ ಬಂಗಾರದ ಶಿಲುಬೆ ಕಳೆದಾಗ ಖಾನಾಪುರದ ದೊಡ್ಡವ್ವ ಎಲ್ಲರೆದುರು ಅವ್ವನನ್ನು ಕಳ್ಳಿ ಎಂದಿದ್ದಳು. ಆಮೇಲೆ ಅದು ದೊಡ್ಡವ್ವನದೇ ಟ್ರಂಕಿನಲ್ಲಿ ಸಿಕ್ಕಿತು. ತಪ್ಪಾಯಿತು ಎಂದು ಒಂದು ಮಾತು ಆಡಲಿಲ್ಲ! ಅಂದಿನಿಂದ ಸಂಜೆಯ ಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದರೆ ಅವ್ವ ಬಾಯಿ ಮುಚ್ಚುತ್ತಿದ್ದಳು.

ಒಂದು ಕ್ರಿಸ್‌ಮಸ್‌ಗೆ ಅವ್ವ ಕರಂಜಿ ಡಬ್ಬಿ ಹಿಡಿದು ಖಾನಾಪುರಕ್ಕೆ ಹೊರಟಳು. ನಾನು ಉರಿದುಬಿದ್ದೆ.

“ಆಕಿ ಮಾಫಿ ಕೇಳ್ಯಾಳೇನು? ನೀ ಯಾಕ ಹೊಂಟಿ?”

“ಕೇಳಿಲ್ಲವ್ವಾ. ಆದ್ರ ದೇವರ ಮುಂದ ನಾ ಎಷ್ಟು ವರ್ಷ ಮೂಕಿಯಾಗಿ ನಿಂದರ್ಲಿ?”

ಈಗ ಅವ್ವ ಇಲ್ಲ. ಇಂದು ಸಂಜೆ ನಮ್ಮ ಮನೆಯ ಪ್ರಾರ್ಥನೆಗೆ, ಹಬ್ಬಕ್ಕೆಂದು ಖಾನಾಪುರದಿಂದ ಬಂದ ದೊಡ್ಡವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ಆ ಸಾಲು ಬಂತು. ಸಿಟ್ಟಿನಲ್ಲೇ, ಜೋರಾಗಿ ಹೇಳಿದೆ.

ಪಕ್ಕದಲ್ಲಿ ದೊಡ್ಡವ್ವನ ದನಿ ನಿಂತುಹೋಗಿತ್ತು.