ತಾಯಿನದಿಯ ತೀರದ ಊರು

ಕುವೈತಿನ ಅಬ್ಬಾಸಿಯಾದ ನಮ್ಮ ಮನೆಯಲ್ಲಿ, ಎಸ್ಟೋನಿಯಾಕ್ಕೆ ಓದಲು ಹೊರಟ ಮೊಮ್ಮಗಳ ಕ್ಷೇಮಕ್ಕಾಗಿ ಸಂಕಲ್ಪದ ನೀರು ಹಿಡಿದಿದ್ದ ನಾನು, ಊರಿನ ಹೆಸರು ಹೇಳುವಲ್ಲಿ ತಡವರಿಸಿದೆ. ಅವಳ ವಿಶ್ವವಿದ್ಯಾಲಯವಿರುವ ಊರು ಈಗ ಟಾರ್ಟು. ಜರ್ಮನರಿಗೆ ಅದು ಡೋರ್ಪಾಟ್ ಆಗಿತ್ತು. ರಷ್ಯದ ಚಕ್ರವರ್ತಿಗಳು ಯೂರ್ಯೆವ್ ಎಂದು ಬದಲಿಸಿದ್ದರು. ನೆರೆಯ ಆ ರಷ್ಯ ಇಂದಿಗೂ ಯುದ್ಧದಲ್ಲಿದೆ.

"ಮಗಾ, ಹೆಸರು ಇನ್ನೊಮ್ಮೆ ಬದಲಾದರೆ?" ಎಂದೆ.

"ಅಜ್ಜಾ, ಟೆನ್ಷನ್ ಮಾಡ್ಬೇಡಿ. ರಿವರ್ ಅದೇ ಉಂಟಲ್ಲ! ಎಮಾಯೊಗಿ, ಅಂದ್ರೆ ಮದರ್ ರಿವರ್."

ಸಂಕಲ್ಪದಲ್ಲಿ ನದಿಯ ತೀರವನ್ನು ಸ್ಮರಿಸುವುದು ನಮ್ಮ ವಾಡಿಕೆ. ಊರಿನ ಹೆಸರನ್ನು ಬಿಟ್ಟು, "ಮಾತೃನದೀತೀರೇ" ಎಂದು ನೀರು ಬಿಟ್ಟೆ.

ನದಿಯೇ ಇಲ್ಲದ ಕುವೈತಿನಲ್ಲಿ ಕುಳಿತು, ನಾನೆಂದೂ ಕಾಣದ ಆ ತಾಯಿಗೆ ಈಗ ದಿನವೂ ಮಗುವನ್ನು ಒಪ್ಪಿಸುತ್ತೇನೆ; ವಾರ್ತೆಗಳಲ್ಲಿ ಆ ಊರಿನ ಯಾವ ಹೆಸರೂ ಕೇಳಿಸದಿರಲೆಂದು ಬೇಡುತ್ತೇನೆ.